ಹದಿನೇಳರ ವರ್ಗ

ಅವರ ಹೆಸರು ಮಿಸ್ ಹೆದರಿಂಗ್ಟನ್.
ಅಜ್ಜಿಯ ನಾಲಿಗೆಗೆ ಅದು ದಕ್ಕಲಿಲ್ಲ,
ಹೆದರದಮ್ಮ ಅಂದಳು. ಇಡೀ ಶಾಲೆ ಹಾಗೇ ಅಂದಿತು.
ದಂಡಿನ ಕಡೆ, ಹಲಸೂರು ಕೆರೆಗೆ ಬೆನ್ನು ಮಾಡಿ ನಿಂತ
ಹೆಂಚಿನ ಶಾಲೆ. ಇಪ್ಪತ್ತಾರು ಹುಡುಗಿಯರು.
ಮಾಲಿ ಮುನಿಶಾಮಪ್ಪನ ಮಗಳು ಅಕ್ಕಯ್ಯಮ್ಮ ಒಬ್ಬಳು,
ನನ್ನ ಅಜ್ಜಿ.

ಮೂರರ ಗಂಟೆ ಬಾರಿಸಿದರೆ
ಕಾಂಪೌಂಡಿನಾಚೆ ಹುಡುಗರಿಗೆ ಬೀಜಗಣಿತ,
ಈಚೆ ನಮಗೆ ಗುಂಡಿ, ಕಾಜ,
ಸರಪಳಿ ಹೊಲಿಗೆ, ಕರವಸ್ತ್ರದ ಅಂಚು.
ಹಡಗಿನಲ್ಲಿ ಬಂದ ಪಠ್ಯಕ್ರಮ:
ಹೆಣ್ಣಿಗೆ ಎಷ್ಟು ಬೇಕೋ ಅಷ್ಟು.
ಎಷ್ಟು ಬೇಕು ಅಂತ ಅಳೆದವರು ಯಾರೋ.

"ನಮ್ಮೂರಲ್ಲೂ ಹೀಗೇನೇ" ಅಂದರಂತೆ ಒಂದು ದಿನ,
ಮುರುಕು ಕನ್ನಡದಲ್ಲಿ, ಸೂಜಿಗೆ ದಾರ ಪೋಣಿಸುತ್ತ.
"ಎಲ್ಲಾ ಪರೀಕ್ಷೆ ಬರೆದೆ. ಗಂಡಸರಿಗಿಂತ ಜಾಸ್ತಿ ಮಾರ್ಕು.
ಪದವಿ ಕೊಡಲಿಲ್ಲ. ಒಂದು ಚೀಟಿ ಕೊಟ್ಟರು.
ಕಪ್ಪು ನಿಲುವಂಗಿ ನನ್ನ ತಮ್ಮ ಹಾಕಿಕೊಂಡ.
ಅದರ ಹರಿದ ತೋಳು ಹೊಲಿದವಳು ನಾನು."

ಅಜ್ಜಿಗೆ ಅವತ್ತು ದಿಗಿಲಾಯಿತು.
ದೊರೆಗಳ ಊರಲ್ಲಿ ಹೆಂಗಸರೂ ದೊರೆಗಳೇ ಅಂದುಕೊಂಡಿದ್ದಳು.
ಕುದುರೆ ಮೇಲೆ ಕೂರುತ್ತಾರೆ, ಟೋಪಿ ಹಾಕುತ್ತಾರೆ,
ಅವಳಪ್ಪನನ್ನು ಏಕವಚನದಲ್ಲಿ ಕರೆಯುತ್ತಾರೆ.
ಅಂಥವರಿಗೂ ಹೊಸ್ತಿಲು ಇಷ್ಟೇ ಎತ್ತರವಾ?

ಆಮೇಲೆ ಹೊಲಿಗೆ ತರಗತಿಯ ಮಾತು ಬದಲಾಯಿತು.
ಬಟ್ಟೆ ಓರೆಯಾಗಿ ಮಡಿಸು. ಈಗ ಕರ್ಣ ಎಷ್ಟುದ್ದ?
ಟೇಪು ಮುಟ್ಟಬೇಡ, ಯೋಚಿಸು.
ಲಂಗಕ್ಕೆ ಘೇರು, ಘೇರಿಗೆ ತ್ರಿಜ್ಯ,
ಮಿಕ್ಕ ಚೂರಿನಲ್ಲಿ ಎಷ್ಟು ಚೌಕ?
ಇನ್‌ಸ್ಪೆಕ್ಟರ್ ದೊರೆ ಬಂದ, ಅಂಚು ಸವರಿದ,
"ಸೊಗಸಾದ ಕೈಗೆಲಸ" ಅಂತ ಬರೆದು ಹೋದ.
ಬಟ್ಟೆ ತಿರುಗಿಸಲಿಲ್ಲ.
ಹಿಂದುಗಡೆ ಸೀಮೆಸುಣ್ಣದಲ್ಲಿ ವರ್ಗಮೂಲಗಳಿದ್ದವು.

ಎರಡು ವರ್ಷ, ಅಷ್ಟೇ.
ಶ್ರಾವಣದಲ್ಲಿ ಅಜ್ಜಿಯ ಮದುವೆ, ಹದಿನಾಲ್ಕಕ್ಕೆ,
ಲಾಲ್‌ಬಾಗಿನಲ್ಲಿ ಕಸಿ ಕಟ್ಟುವವನ ಜೊತೆ.
ಅದೇ ತಿಂಗಳು ಹೆದರದಮ್ಮನಿಗೂ,
ರೈಲ್ವೆಯ ಕೋಲ್ಸ್ ಸಾಹೇಬನ ಜೊತೆ.
ಮದುವೆಯಾದವಳು ಪಾಠ ಹೇಳಕೂಡದು, ಅದು ಅವರ ಕಾನೂನು.
ಮದುವೆಯಾದವಳು ಪಾಠ ಕೇಳಕೂಡದು, ಇದು ನಮ್ಮದು;
ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಬಾಯಿಪಾಠ.
ಅವರು ಕೋಲ್ಸಮ್ಮ ಆದರು.
ಹೆದರದಮ್ಮ ಅನ್ನುವ ಹೆಸರು ಖಾಲಿ ಬಿತ್ತು.

ಇಬ್ಬರದೂ ಒಂದೇ ಕಷ್ಟ ಅಂತ ನಾನು ಹೇಳುತ್ತಿಲ್ಲ.
ಒಬ್ಬರಿಗೆ ಬಟ್ಟೆ ಒಗೆಯಲು ಆಳಿದ್ದರು,
ಇನ್ನೊಬ್ಬಳಿಗೆ ಒಗೆಯುವ ಕಲ್ಲಿತ್ತು.
ಕುಂಡಗಳನ್ನು ಚೌಕವಾಗಿ ಜೋಡಿಸಲು ಎಷ್ಟು ಬೇಕು ಅಂತ
ತಾತ ರಾತ್ರಿ ಬಂದು ಕೇಳುತ್ತಿದ್ದ,
ಬೆಳಿಗ್ಗೆ ತಾನೇ ಲೆಕ್ಕ ಹಾಕಿದವನಂತೆ
ಮೇಸ್ತ್ರಿಗೆ ಹೇಳುತ್ತಿದ್ದ. ಬಡ್ತಿ ಸಿಕ್ಕಿತು, ತಾತನಿಗೆ.

ಹತ್ತು ವರ್ಷದ ಮೇಲೆ ರಸೆಲ್ ಮಾರ್ಕೆಟ್ಟು.
ಹುರುಳಿಕಾಯಿ ರಾಶಿಯಾಚೆ ಮಾಸಿದ ಛತ್ರಿ,
ಈಚೆ ಅಜ್ಜಿ, ಕಂಕುಳಲ್ಲಿ ನನ್ನಮ್ಮ.
ಗುರುತು ಹತ್ತಿತು.
ನಮಸ್ಕಾರವಿಲ್ಲ, ಮಕ್ಕಳೆಷ್ಟು ಅಂತಿಲ್ಲ.
"ಹದಿನೇಳರ ವರ್ಗ?" ಅಂದಿತು ಛತ್ರಿ.
"ಇನ್ನೂರ ಎಂಬತ್ತೊಂಬತ್ತು" ಅಂದಳು ಅಜ್ಜಿ,
ಎಳೆಯದಾ ಬಲಿತದ್ದಾ ಅಂತ ಒಂದು ಕಾಯಿ ಮುರಿಯುತ್ತ.
"ಇಪ್ಪತ್ತಮೂರರದ್ದು?"
ಈ ಸಲ ಕೇಳಿದ್ದು ಅಜ್ಜಿ.
ಅವರು ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಬಹಳ ಹೊತ್ತು.
"ಐನೂರ... ಇಪ್ಪತ್ತೊಂಬತ್ತು."

ತಕ್ಕಡಿ ಎತ್ತಿದ ಕೈ ಹಾಗೇ ನಿಂತು
ಬುಡನ್ ಸಾಬಿ ಇಬ್ಬರನ್ನೂ ನೋಡಿದ:
"ಸೇರಿಗೆ ಮೂರಾಣೆ ಕಣ್ರಮ್ಮಾ,
ಯಾಕೆ ಹಿಂಗೆ ಏರಿಸ್ತಾ ಇದೀರಿ?"