ತೂತು ಕೊರೆಯುವ ಮುನ್ನ

ಸೀಟಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ.
ಕೋಥ್ರೂಡಿನ ಸೊಸೈಟಿ, ನೆಲಮಾಳಿಗೆ, ನಲವತ್ತೊಂದನೇ ಚೌಕ.
ಟಾರ್ಚು ಹಲ್ಲಲ್ಲಿ ಕಚ್ಚಿ ಡೆಲಿವರಿ ಚೀಟಿಯ ಬೆನ್ನಿಗೆ
ಗೆರೆ ಎಳೆಯುತ್ತಿದ್ದೇನೆ: ಬ್ಯಾಟರಿಯಿಂದ ನೇರ ಕೆಂಪು ತಂತಿ,
ಫ್ಯೂಸು ಇಲ್ಲಿ, ಕ್ಲಚ್ಚಿನ ಹಿಂದಿನ ರಬ್ಬರು ಬಿರಡೆ ತೂರಿ
ಸೀಟಿನಡಿ ಹ್ಯಾಮ್ ಸೆಟ್ಟು, ಮೈಕು ಗೇರಿನ ಪಕ್ಕ.

ಆಂಟೆನಾ ಮಾತ್ರ ನೆತ್ತಿಯಲ್ಲೇ ಆಗಬೇಕು.
"ಹೊಸಾ ಗಾಡಿಗೆ ತೂತಾ? ನಿಂಬಿಹಣ್ಣಿನ ರಸ
ಗಾಲಿ ಮ್ಯಾಲೆ ಇನ್ನಾ ಆರಿಲ್ಲರೀ," ಅಂದಳು ಚಂಪಾವತಿ.
ಷೋರೂಮಿನ ಧಾಯಗುಡೆ ಒಂದು ಹೆಜ್ಜೆ ಮುಂದೆ:
"ವಾರಂಟಿ ಜಾಣಾರ್, ಸಾಹೇಬ."
ಸರಿ, ಅಯಸ್ಕಾಂತದ ಬುಡ. ಬಣ್ಣ ಗೀಚದಂತೆ ಕೆಳಗೆ
ಅವಳ ಹಳೇ ಇಳಕಲ್ಲಿನದೊಂದು ತುಂಡು
(ಇನ್ನೂ ಕೇಳಿಲ್ಲ).

ಟೇಪು ಹಿಡಿದೆ. ಗಾಡಿಯೆತ್ತರಕ್ಕೆ ಹತ್ತೊಂಬತ್ತಿಂಚು ಕೂಡಿಸಿದರೆ
ಚಾವಣಿಯ ನೀರಿನ ಪೈಪಿಗೆ ತುದಿ ಬೆರಳಗಲ ತಾಗುತ್ತದೆ.
ಪೈಪು ಮೂರು.

ಟಕ್ ಟಕ್ ಟಕ್, ಹೊರಡುವಾಗ ಮೂರು ಚುಕ್ಕಿ.
ಟಕ್ ಟಕ್ ಟಕ್, ಮರಳುವಾಗ ಮತ್ತೆ.
ನಡುವಿನ ಮೂರು ಉದ್ದಗೆರೆ ಎಲ್ಲಿ ಎಂದರೆ
ಖಡಕವಾಸ್ಲಾ, ಸಿಂಹಗಡದ ತಿರುವು, ಕಾತ್ರಜದ ಏರು.

ವಾಚ್‌ಮನ್ ಬಬನರಾವ್‌ಗೆ ಮೊದಲೇ ಹೇಳಿಡಬೇಕು,
ಯಾರೂ ಮುಳುಗುತ್ತಿಲ್ಲ ಎಂದು.