ನಿಂತ ಬಸ್ಸಿನ ಲೆಕ್ಕ

ವರ್ಗಾವಣೆ ಅರ್ಜಿಯೊಳಗ ಮೂರು ಖಾಲಿ ಗೆರಿ.
ಒಂದನೇ ಡಿಪೊ, ಎರಡನೇ ಡಿಪೊ, ಮೂರನೇ ಡಿಪೊ.
ಶನಿವಾರದೊಳಗ ಗೋಕುಲ ರೋಡಿನ ಆಫೀಸಿಗೆ ಮುಟ್ಟಿಸಬೇಕು.

ಹದಿನಾಲ್ಕು ವರ್ಷ ಈ ಹೆಸರು ಕೂಗೀನಿ ನಾನು
ಬಾಗಿಲಿಗೆ ಜೋತುಬಿದ್ದು, ಒಂದೇ ಉಸಿರಿಗೆ:
ಯಲ್ಲಾಪುರ್ ಅಂಕೋಲಾ ಕುಮಟಾ ಕಾರವಾರ್!
ಒಂದು ದಿನಾನೂ ಅವು ಊರು ಅನ್ನಿಸಿದ್ದಿಲ್ಲ.
ಸ್ಟೇಜು. ದರ. ಚಿಲ್ಲರೆ.
ಈಗ ಊರು ಅಂತ ತೂಗಬೇಕು.

ಕಾರವಾರದಾಗ ಸಮುದ್ರ ಸ್ಟ್ಯಾಂಡಿಗೆ ಹತ್ತಿರ.
ಟಿಕೆಟ್ ಮೆಷಿನ್ನು ಕೊರಳಾಗ ಇದ್ದಂಗ ಹೋಗಿ
ಕಾಲು ತೊಯ್ಸಿಕೊಂಡು ಬಂದೀನಿ, ಎರಡು ಸಲ.
ಬಾಡಿಗಿ ಕೇಳಿದರ ಮಾತ್ರ ಕಾಲು ಒಣಗತಾವ.

ಅಂಕೋಲಾದಾಗ ಹಾರನ್ನೇ ಇಲ್ಲಂತ.
ಹೊಡದರ ಹಾದಿಗೆ ಹೋಗೋ ಹೆಣ್ಮಕ್ಕಳು ಬುಟ್ಟಿ ಇಳಿಸಿ
"ಎಂತಾ ಆಯ್ತೋ ತಮಾ?" ಅಂತ ಕೇಳತಾರಂತ.
ಹೇಳಿದವ ಡ್ರೈವರ್ ಮಕ್ತುಂಸಾಬ,
ನಲವತ್ತು ಕಿಲೋಮೀಟರಿಗೊಂದು ಸುಳ್ಳು ಅವಂದು.

ಕುಮಟಾದಾಗ ರೈಲು ಐತಿ, ಮಗಳಿಗೆ ಕಾಲೇಜು ಐತಿ.
ಖಡಕ್ ರೊಟ್ಟಿ ಇಟ್ಟರ ಮರುದಿನಕ್ಕ ತೊಯ್ದ ಹಪ್ಪಳ.
ಉಳ್ಳಾಗಡ್ಡಿ ಸೈತ ಸಿಹಿ ಅಲ್ಲೆ!
ಗಿರಮಿಟ್ಟಿಗೆ ಅಳಸೂ ಉಳ್ಳಾಗಡ್ಡಿ ಬೇಕು.

ಇತ್ತಕಡೆ ತಕ್ಕಡಿಯೊಳಗ ಏನೈತಿ?
ಹೊಸೂರಿಂದ ಚೆನ್ನಮ್ಮ ಸರ್ಕಲ್ಲಿಗೆ ನಲವತ್ತು ನಿಮಿಷ.
ಮೇಲ್ಸೇತುವಿ ಕಂಬದ ನಡುವ, ಧೂಳಿನೊಳಗ,
ಪ್ಯಾಸೆಂಜರು ನನಗ ಬೈತಾರ, ನಾ ಮಕ್ತುಂಸಾಬಗ,
ಅವ ಮುಂದಿನ ಟಂಟಂನವಗ.
ಬಾಜೂಕ ಚಿಗರಿ ಬಸ್ಸು ತನ್ನ ಹಾದಿ ಹಿಡಿದು ಸುಂಯ್,
ಸಾಲ ಕೇಳತಾರಂತ ಮುಖಾ ತಿರುವಿದ ನೆಂಟನಂಗ.

ಆ ನಲವತ್ತು ನಿಮಿಷದಾಗ
ನನ್ನ ಗಂಡ ಮಾರುದ್ರ, ಕೊರಳಿಗೆ ಬುಟ್ಟಿ,
ಕಿಟಕಿಯಿಂದ ಕಿಟಕಿಗೆ ಗಿರಮಿಟ್ ಕೊಡತಾನ.
ಬಸ್ಸು ನಿಂತರ ಅವನ ಕಾಲು ಓಡತಾವ,
ಹಸರು ದೀಪ ಬಿದ್ದರ ಮಾರಿ ಸಣ್ಣದಾಗತೈತಿ.
ಒಮ್ಮೆ ನನ್ನ ಬಸ್ಸಿಗೇ ಬಂದು, ಗುರುತಿಲ್ಲದವನಂಗ,
"ಅಕ್ಕಾರ, ಖಾರ ಮುಂದಿರಲೇನ್ರಿ?" ಅಂದ.
ರೊಕ್ಕ ಕೊಟ್ಟೆ. ತಗೊಂಡ.
ಚಿಲ್ಲರೆ ಎಣಿಸಿ ಕೊಟ್ಟ.

ಮನಿ ಕಂತು, ಮಗಳ ಫೀಸು,
ಅರ್ಧಾ ಆ ಸರ್ಕಲ್ಲಿನ ಕೆಂಪು ದೀಪ ಕಟ್ಟೇತಿ.
ನಾ ಬೈದ ಒಂದೊಂದು ನಿಮಿಷಾನೂ
ಸಂಜಿಕ ಅವನ ಕಿಸೆಯಿಂದ ಹಾಸಿಗಿ ಮ್ಯಾಲೆ ಸುರಿಯತೈತಿ.

ಈಗ, ಉಳ್ಳಾಗಡ್ಡಿ ಹೆಚ್ಚಿಕೋತ, ಕೇಳತಾನ:
"ಆ ಊರಾಗ ಬಸ್ಸು ಎಲ್ಲಿ ನಿಂದರತಾವ?"
"ಸ್ಟ್ಯಾಂಡಿನ್ಯಾಗ."
"ಅದಲ್ಲ. ಸಿಕ್ಕೊಂಡು ಎಲ್ಲಿ ನಿಂದರತಾವ?"

ಸಮುದ್ರದ ಸುದ್ದಿ ಹೇಳಿದೆ. ಕೇಳಿಸಿಕೊಂಡ.
ಹಾರನ್ನಿಲ್ಲದ ನಿದ್ದಿ ಸುದ್ದಿ ಹೇಳಿದೆ.
"ನನಗ ನಿದ್ದಿ ಹತ್ತೂದೇ ಹಾರನ್ನಿಗೆ" ಅಂದ.

ಅರಬೈಲು ಘಟ್ಟ ನೆನಪಾತು.
ಮಳಿಗಾಲದಾಗ ಒಂದು ಲಾರಿ ಅಡ್ಡ ಬಿದ್ದರ
ತಿರುವಿನಿಂದ ತಿರುವಿಗೆ, ಮೂರು ತಾಸು, ಬಸ್ಸಿನ ಸಾಲು.
ಹಸದ ಹುಡುಗರು. ಬೈಕೋತ ಇಳಿದು ಗಿಡದ ಮರಿಗೆ ಹೋಗೋ ಗಂಡಸರು.
ಒಂದು ಚುರಮರಿ ಕಾಳು ಸಿಗೂದಿಲ್ಲ ಅಲ್ಲೆ.
ಹೇಳಬೇಕಂತ ಬಾಯಿ ತಗದೆ.
ಮಂದಿ ಸಿಕ್ಕೊಂಡದ್ದರ ಮ್ಯಾಲೆ ಒಲಿ ಹೂಡೂದೇನು, ಅನ್ನಿಸಿತು.
ಇಲ್ಲಿ ಹೂಡಿಲ್ಲೇನು ಮತ್ತ?
ಬಾಯಿ ಮುಚ್ಚಿದೆ.

ಅರ್ಜಿಯ ಮೂಲಿಗೆ ಎಣ್ಣಿ ಕಲಿ ಹತ್ತೇತಿ.
ಮಗಳ ಪೆನ್ಸಿಲ್ಲಿನಿಂದ, ಎರಡನೇ ಗೆರಿಯೊಳಗ
ಕುಮಟಾ ಅಂತ ಬರದೆ, ಸಣ್ಣಗ, ಅಳಸಾಕ ಬರೂವಂಗ.
ಮೊದಲನೇದು ಹಂಗ ಬಿಟ್ಟೆ.

ಮಾರುದ್ರ ಚಾಕು ಒರಸಿ ಇಟ್ಟ.
ತೋಳಿಲೆ ಕಣ್ಣು ಒತ್ತಿಕೊಂಡ.
"ನಾಳೆ ಟ್ರಿಪ್ಪಿಗೆ ಅಲ್ಲೀದು ಒಂದು ಗೊಂಚಲ ತಗೊಂಡು ಬಾ," ಅಂದ,
"ಎಷ್ಟು ಸಿಹಿ ಐತಿ ನೋಡೂಣು."