ಎಡಕ್ಕೆಳೆಯುವ ಬಂದೂಕು

ಮೆಟ್ಟಿಲ ಕೆಳಗೆ, ಸಂಪಿನ ಮೋಟಾರಿನ ಪಕ್ಕ,
ಹಿಂದೆ ಸೌದೆ ಒಟ್ಟುತ್ತಿದ್ದ ಮೂಲೆ.
ಆರಡಿ ಉದ್ದ, ನಾಲ್ಕಡಿ ಅಗಲ,
ಮರೆತು ಎದ್ದರೆ ಏಳನೇ ಮೆಟ್ಟಿಲು ನೆತ್ತಿಗೆ.
ಅಲ್ಲೇ ಹೂಡಿದೆ ನನ್ನ ವರ್ಕ್‌ಶಾಪು.

ಮಂಡಿಪೇಟೆ ಗುಜರಿಯಲ್ಲಿ ತೂಕಕ್ಕೆ ಸಿಕ್ಕ ವೈಸು,
ಒಂದು ದವಡೆ ಸವೆದು ಅಜ್ಜಿಯ ಹಾಗೆ ಕಚ್ಚುತ್ತದೆ.
ಮೇಜಿಗೆ ಅತ್ತೆಯ ಹೊಲಿಗೆ ಯಂತ್ರದ ಕಾಲು.
ಡಬ್ಬಿಗಳ ಮೇಲೆ ಇನ್ನೂ ಹಳೆಯ ಚೀಟಿ:
ಸಾಸಿವೆ, ಮೆಂತ್ಯ, ಕಡಲೆಬೇಳೆ.
ಒಳಗೆ ಸ್ಕ್ರೂ, ಪಿನ್ನು, ಚರ್ಮದ ವಾಷರು.
ಒಂದು ಸಲ ಸೊಸೆ ಒಗ್ಗರಣೆಯ ಅವಸರದಲ್ಲಿ...
ಬೇಡ, ಆ ಕತೆ.

ಇಪ್ಪತ್ತಾರು ವರ್ಷ ಗಡಿಯಾರದ ಕಾರ್ಖಾನೆ.
ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ.
ಕೂದಲಿಗಿಂತ ತೆಳುವಾದ ಸುರುಳಿಗೆ
ತಾಗೀತೆಂದು ಉಸಿರನ್ನೂ ಪಕ್ಕಕ್ಕೆ ಬಿಡುತ್ತಿದ್ದೆವು
ಒಂದೇ ಸಾಲಿನಲ್ಲಿ ನಲವತ್ತು ಹೆಂಗಸರು.
ಗೇಟು ಮುಚ್ಚಿತು.
ಬೆರಳುಗಳಿಗೆ ಯಾರೂ ಹೇಳಲಿಲ್ಲ.
ಹಿತಕಿದ ಬೇಳೆಗೆ ಅವರೆ ಹಿಸುಕುತ್ತಾ ಅವು
ಸಿಪ್ಪೆಯ ದಪ್ಪ ಅಳೆಯುತ್ತಿದ್ದವು.

ಮೊದಲ ಬಂದೂಕು ಎದುರುಮನೆ ಗಂಗಬೈರಪ್ಪನವರದು,
ಕೋತಿ ಓಡಿಸಲು ಕೊಂಡದ್ದು.
ಕೋತಿಗಳೇ ಅಯ್ಯೋ ಅನ್ನುವಷ್ಟು ದಮ್ಮು ಹಿಡಿದಿತ್ತು.
ಬಿಚ್ಚಿದರೆ ಒಳಗೆ ನನ್ನ ಹಳೆಯ ಪರಿಚಯ:
ಸ್ಪ್ರಿಂಗು. ಆದರೆ ಹೆಬ್ಬೆರಳ ಗಾತ್ರ, ಮುಂಗೈ ಉದ್ದ!
ಕಾರ್ಖಾನೆಯ ಆ ಬಡಕಲು ಹುಡುಗಿ
ಪೈಲ್ವಾನನನ್ನು ಕಟ್ಟಿಕೊಂಡು ಹೆತ್ತ ಮಗನ ಹಾಗೆ.

ಬೀದಿಯಲ್ಲಿ ಸುದ್ದಿ: ‘ವಸುಂಧರಮ್ಮ ಬಂದೂಕು ಮಾಡ್ತಾರಂತೆ.’
ಗಾಳಿ ಬಂದೂಕಿಗಿಂತ ದೂರ ಹೊಡೆಯುತ್ತದೆ ಗಾಳಿಮಾತು.
ಠಾಣೆಯಿಂದ ಹುಡುಗನೊಬ್ಬ ಬಂದ,
ಮೀಸೆ ಇನ್ನೂ ಕಲಿಯುತ್ತಿತ್ತು.
ಟೀ ಕುಡಿದ, ಮುಚ್ಚಳ ತೆಗೆದು ನೋಡಿದ,
‘ಮೆಂತ್ಯ ಅಂತ ಬರೆದಿದೆಯಲ್ಲ’ ಎಂದು ಆಕ್ಷೇಪಿಸಿದ.
ಹೊರಟವನು ಹೊಸ್ತಿಲಲ್ಲಿ ನಿಂತು
ಜೇಬಿನಿಂದ ತಾತನ ವಾಚು ತೆಗೆದ:
‘ನಿಮ್ಮ ಕಡೆಯದೇ ಅಲ್ವಾ ಇದು? ನಿಂತೋಗಿದೆ.’

ಆಮೇಲೆ ಬುಡೇನ್, ಅಮಾನಿಕೆರೆ ಏರಿಯ ಬಲೂನಿನವನು.
ಗೋಣಿಯಲ್ಲಿ ಸುತ್ತಿ ತಂದಿದ್ದ,
ಜ್ವರದ ಮಗುವನ್ನು ಆಸ್ಪತ್ರೆಗೆ ತಂದ ಹಾಗೆ.
‘ದಮ್ಮೇ ಇಲ್ಲ ಅಮ್ಮಾ. ಕಾಳು ಹೋಗಿ
ಬಲೂನಿಗೆ ಸಲಾಂ ಹೊಡೆದು ಕೆಳಗೆ ಬೀಳ್ತದೆ.’

ಚಪ್ಪಲಿಯ ಚರ್ಮದಲ್ಲಿ ವಾಷರು ಕತ್ತರಿಸಿದೆ,
ಕಡಲೆಕಾಯಿ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದೆ.
ಮೂರನೇ ದಿನ ಕಾಂಪೌಂಡ್ ಗೋಡೆಗೆ
ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿ
ಹನ್ನೊಂದನೇ ತಾರೀಖಿಗೆ ಗುರಿಯಿಟ್ಟೆ.
ಬಿದ್ದದ್ದು ಹತ್ತಕ್ಕೆ.
ಮತ್ತೆ ಹತ್ತಕ್ಕೆ.
ಮತ್ತೆ.
ದಿನಕ್ಕೆ ಅರ್ಧ ನಿಮಿಷ ಹಿಂದೆ ಬಿದ್ದರೂ
ವಾಪಸು ಕಳಿಸಿದವಳು ನಾನು;
ಇದು ಒಂದಿಡೀ ದಿನ ಹಿಂದೆ!

ಗುರಿಮೊಳೆ ಸರಿಸಲು ಸುತ್ತಿಗೆ ಎತ್ತಿದ್ದೆ.
ಬುಡೇನ್ ಬಾಗಿಲಿಂದಲೇ ಕೂಗಿದ:
‘ಅದೊಂದು ಮುಟ್ಟಬೇಡಿ ಅಮ್ಮಾ!
ನೆಟ್ಟಗೆ ಹೊಡೆದರೆ ಮೂವತ್ತು ರೂಪಾಯಿಗೆ
ಹತ್ತಕ್ಕೆ ಹತ್ತೂ ಒಡೆದು ಹೋಗ್ತಾರೆ.
ನನ್ನ ಮಗಳ ಫೀಸು ಆ ಎಡಗಡೆಯಲ್ಲೇ ಇರೋದು.
ಬಲ ಬಂದರೆ ಸಾಕು,
ಬಲಕ್ಕೆ ಬರೋದು ಬೇಡ.’

ಸುತ್ತಿಗೆ ಇಟ್ಟೆ.
ಆ ರಾತ್ರಿ ನಿದ್ದೆ ಬರಲಿಲ್ಲ.
ತಪ್ಪು ಕಣ್ಣಿಗೆ ಕಂಡಿತ್ತು, ತಿದ್ದುವ ಉಪಕರಣ ಮನೆಯಲ್ಲಿತ್ತು,
ಮೆಟ್ಟಿಲ ಕೆಳಗೆ ಆ ಹುಡುಗನ ತಾತನ ವಾಚು ಮಾತ್ರ
ಸರಿಯಾಗಿ ನಡೆಯುತ್ತಿತ್ತು.

ಭಾನುವಾರ ಸಂಜೆ ಕೆರೆ ಏರಿಗೆ ಹೋದೆ.
ಕಾಲೇಜು ಹುಡುಗರು ಸಾಲಾಗಿ ಸೋಲುತ್ತಿದ್ದರು,
ಬಂದೂಕಿನ ‘ಟಪ್’ ಮಾತ್ರ ಈಗ ಹೊಚ್ಚ ಹೊಸದು.
ಮೂವತ್ತು ರೂಪಾಯಿ ಚಾಚಿದೆ. ಬುಡೇನ್ ಬೇಡವೆಂದ,
ಆಮೇಲೆ ತೆಗೆದುಕೊಂಡ.
ಕೆಂಪು ಬಲೂನು ಬೇಕಿತ್ತು;
ಅದರ ಬಲಗಡೆಯ ಖಾಲಿಗೆ ಗುರಿಯಿಟ್ಟೆ.
ಒಡೆಯಿತು.
ಹಳದಿ. ಹಸಿರು. ಎರಡು ನೀಲಿ.
ಹುಡುಗರು ಫೋನು ಕೆಳಗಿಳಿಸಿ
‘ಆಂಟಿ, ಹೇಗೆ ಹೊಡೀಬೇಕು?’ ಎಂದರು.
ಬುಡೇನ್ ಮೆಲ್ಲಗೆ ಕೆಮ್ಮಿದ.

ಆರನೆಯದಕ್ಕೆ
ನೆಟ್ಟಗೆ ಗುರಿಯಿಟ್ಟೆ.